ಕಿಡಿಗಣ್ಣಿಯ ಬಾಲ್ಯಕಾಂಡ

ಬಸ್ಸು ನಿಂತದ್ದು ಮಲಪ್ರಭೆಯ ಸೇತುವೆ ದಾಟಿದ ಮೇಲೆ, ಎಡಕ್ಕೂ ಬಲಕ್ಕೂ ಜಾಲಿಗಿಡ ಬಿಟ್ಟರೆ ನರಪಿಳ್ಳೆ ಇಲ್ಲದ ಜಾಗದಲ್ಲಿ. ಡ್ರೈವರು ಕೀಲಿ ತಿರುವಿ ತಿರುವಿ ನೋಡಿದ. ಮೋಟರು ಗುಂಯ್ ಎನ್ನಲೂ ಇಲ್ಲ. ಯುದ್ಧ ಮುಗಿದ ಮೇಲೆ ಈ ದಾರಿಯ ಕಂಡಕ್ಟರುಗಳು ಇಂಥದಕ್ಕೆಲ್ಲ ಒಗ್ಗಿಹೋಗಿದ್ದರು. ಕೆಳಗಿಳಿದು ಬ್ಯಾಟರಿ ನೋಡುವ ಗೋಜಿಗೇ ಹೋಗದೆ ಈ ಬಸ್ಸಿನ ಕಂಡಕ್ಟರು ನೇರವಾಗಿ ಪ್ರಯಾಣಿಕರ ಕಡೆ ತಿರುಗಿದ.

"ಯಾರ್ರಿ ಅದು ಸಿಟ್ಟಿಗೆ ಬಂದೋರು? ಕಿಡಿಮಕ್ಕಳು ಯಾರರ ಕುಂತಿದ್ರ ಗುಳಿಗಿ ನುಂಗ್ರಿ. ಇಲ್ಲಾಂದ್ರ ಇಳದ್ ನಡೀರಿ. ಮಂದಿ ಹಾದಿ ಕೆಡಸ್ಬ್ಯಾಡ್ರಿ."

ಕಸ್ತೂರಿ ಕೈಯೆತ್ತಲಿಲ್ಲ. ದುಪಟ್ಟಾದ ಮರೆಯಲ್ಲಿ ಗುಳಿಗೆಯೊಂದನ್ನು ಬಾಯಿಗೆ ಹಾಕಿಕೊಂಡು ನೀರಿಲ್ಲದೆ ನುಂಗಿದಳು. ಅವಳ ಸಿಟ್ಟಿನ ಕಾರಣ ಮುಂದಿನ ಸೀಟಿನಲ್ಲೇ ಇತ್ತು. ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು ಅಜ್ಜಿಯ ತೋಳಿಗೆ ಒರಗಿ 'ಕಿಡಿಗಣ್ಣಿ' ಓದುತ್ತಿದ್ದಳು. ಜಪಾನಿನ ಮಾಂಗಾ ಚಿತ್ರಕಥೆಗಳ ಧಾಟಿಯಲ್ಲಿ ಕಪ್ಪು ಬಿಳುಪು ಚಿತ್ರ ಬರೆದು ತಿಂಗಳಿಗೊಂದರಂತೆ ತರುತ್ತಿದ್ದ ಪುಸ್ತಕ ಅದು. ಯುದ್ಧದ ಕಾಲಕ್ಕೆ ಅನ್ನ ಸಿಗದ ಊರಲ್ಲೂ ಅದು ಸಿಗುತ್ತಿತ್ತು.

ಅದರ ನಾಯಕಿ ಆಕಾಶಕ್ಕೆ ನೆಗೆದು ಕಣ್ಣು ಕೆಂಪಗೆ ಮಾಡಿದರೆ ಶತ್ರುವಿನ ಡ್ರೋನುಗಳೆಲ್ಲ ಹುಳುಗಳ ಹಾಗೆ ಉದುರುತ್ತವೆ. ಆದರೆ ಕಣ್ಣು ಕೆಂಪಗಾಗುವ ಮುಂಚೆ, ಪ್ರತಿ ಸಂಚಿಕೆಯಲ್ಲೂ, ಅವಳಿಗೆ ತನ್ನ ಬಾಲ್ಯದ ಒಂದು ಚಿತ್ರ ನೆನಪಾಗಲೇಬೇಕು. ಏಳು ವರ್ಷದ ಹುಡುಗಿ ಉಡಿಯೊಡ್ಡಿ ನಿಂತಿದ್ದಾಳೆ. ಹಲ್ಲು ಕಿಸಿದ ತಾಯಿ ಆ ಉಡಿಯೊಳಗಿನ ಅಕ್ಕಿಗೆ ಕೈಹಾಕಿ ಬಾಚಿಕೊಳ್ಳುತ್ತಿದ್ದಾಳೆ. ಹಿಂದೆ ಬಾಗಿಲಲ್ಲಿ ಮಿಲಿಟರಿ ವ್ಯಾನು ನಿಂತಿದೆ.

"ಅಕ್ಕಿ ಸಲುವಾಗಿ ಮಗಳನ್ನ ಮಾರಿದ್ಲಂತ ಅಜ್ಜಿ. ಆಮ್ಯಾಲ ಉಡಿಯಾಗಿನ ಅಕ್ಕೀನೂ ಕಸಗೊಂಡ್ಲಂತ."

"ಅಂಥಾಕಿ ಬಾಯಾಗ ಮಣ್ಣ ಹಾಕ," ಎಂದಳು ಅಜ್ಜಿ.

ಕಸ್ತೂರಿಗೂ ಹಾಗೇ ಅನಿಸಿತು. ಆ ಏಳು ವರ್ಷದ ಹುಡುಗಿ ಅವಳೇ. ಅಕ್ಕಿ ಬಾಚಿದವಳು ಅವಳ ಹೆತ್ತವ್ವ ಸಂಗವ್ವ. ಅವಳು ಈಗ ಹೊರಟಿದ್ದೂ ಅದೇ ಅವ್ವನ ಊರಾದ ಹಿರೇಗುಡ್ಡಕ್ಕೆ, ಎದುರಿಗೆ ನಿಂತು ಒಂದು ಮಾತು ಕೇಳುವುದಕ್ಕೆ. ಗುಳಿಗೆ ರಕ್ತಕ್ಕಿಳಿದ ಮೇಲೆ ಬಸ್ಸು ಹೊರಟಿತು. ರಿಬ್ಬನ್ನಿನ ಹುಡುಗಿ ಒಮ್ಮೆ ಹಿಂತಿರುಗಿ ನೋಡಿದಳು, ಗುರುತು ಹಿಡಿಯಲಿಲ್ಲ. ಕಿಡಿಗಣ್ಣಿಯ ಕಣ್ಣು ಮಾವಿನ ಹೋಳಿನಷ್ಟು ದೊಡ್ಡವು. ಕಸ್ತೂರಿಯ ಕಣ್ಣು ಗುಳಿಬಿದ್ದಿದ್ದವು, ಮುಂದಿನ ಹಲ್ಲೊಂದು ಮುರಿದಿತ್ತು, ಇಪ್ಪತ್ತೊಂದು ವರ್ಷಕ್ಕೇ ಬೆರಳು ನಡುಗುತ್ತಿದ್ದವು.

*

ಮನುಷ್ಯರ ಸಿಟ್ಟಿನಿಂದ ಮೋಟರು ನಿಲ್ಲುವಂತಿದ್ದರೆ? ಈ ಪ್ರಶ್ನೆ ಯಾವನಿಗೆ ಮೊದಲು ಹೊಳೆಯಿತೋ, ಅವನ ನಾಲಿಗೆ ಸೇದಿಹೋಗಬೇಕಿತ್ತು. ಹಾಗಾಗಲಿಲ್ಲ. ಅವನಿಗೆ ಪ್ರಶಸ್ತಿ ಬಂತು.

ಯುದ್ಧ ಶುರುವಾದ ವರ್ಷ ಆಕಾಶದ ತುಂಬ ಡ್ರೋನುಗಳು. ಜನ ಅವನ್ನು ಕಡಜ ಎನ್ನುತ್ತಿದ್ದರು. ಒಂದನ್ನು ಹೊಡೆದರೆ ಹತ್ತು ಬರುತ್ತಿದ್ದವು. ಆಗ ಗುಡ್ಡದ ಹೊಟ್ಟೆ ಕೊರೆದು ಕಟ್ಟಿದ ಪ್ರಯೋಗಶಾಲೆಯಲ್ಲಿ ಒಂದು ಬಗೆಯ ಹರಳು ತಯಾರಾಯಿತು. ಸಾಸಿವೆಗಿಂತ ಸಣ್ಣದು. ಎಲುಬಿನ ಮಜ್ಜೆಗೆ ಸೇರಿಸಿದರೆ ಅಲ್ಲೇ ಬೇರುಬಿಡುತ್ತದೆ. ಸಿಟ್ಟು ಬಂದಾಗ ರಕ್ತಕ್ಕೆ ನುಗ್ಗುವ ರಸಗಳು ಅದನ್ನು ಮುಟ್ಟಿದವೆಂದರೆ ಹರಳು ನಡುಗಿ ಕಣ್ಣಿಗೆ ಕಾಣದ ಒಂದು ಅಲೆ ಬಿಡುತ್ತದೆ. ಆ ಅಲೆ ತಾಗಿದ ಮೋಟರು, ಬ್ಯಾಟರಿ, ತಂತಿ ಎಲ್ಲ ಒಂದು ಗಳಿಗೆ ಸತ್ತಂತೆ ನಿಲ್ಲುತ್ತವೆ. ಹಾರುವ ಕಡಜಕ್ಕೆ ಒಂದು ಗಳಿಗೆ ಸಾಕು. ಸಣ್ಣ ಸಿಟ್ಟಿನ ಅಲೆ ಒಂದು ಕೋಣೆಯಷ್ಟು ಹೋದರೆ ದೊಡ್ಡ ಸಿಟ್ಟಿನದು ಇಡೀ ಊರು ದಾಟುತ್ತಿತ್ತು.

ತೊಡಕು ಎರಡಿದ್ದವು. ಬಲಿತ ಎಲುಬು ಹರಳನ್ನು ಒಪ್ಪುವುದಿಲ್ಲ, ಬೆಳೆಯುವ ಎಲುಬೇ ಬೇಕು. ಹಾಗಾಗಿ ಮಕ್ಕಳನ್ನು ತಂದರು. ಎರಡನೆಯದು, ಮಕ್ಕಳ ಸಿಟ್ಟು ಹಾಲಿನ ಉಕ್ಕಿನಂಥದ್ದು, ಏರಿದ ಹಾಗೇ ಇಳಿದುಬಿಡುತ್ತದೆ. ಹೊಡೆದು ನೋಡಿದರು, ಹಸಿವಿನಲ್ಲಿ ಇಟ್ಟು ನೋಡಿದರು. ಮಕ್ಕಳು ಅತ್ತು ಮಲಗಿಬಿಟ್ಟವು. ಅಳುವಿಗೆ ಕಡಜ ಬೀಳುವುದಿಲ್ಲ. ಬೇಕಾದದ್ದು ವರ್ಷಗಟ್ಟಲೆ ಆರದೆ ಉರಿಯುವ ಸಿಟ್ಟು. ಅದಕ್ಕಾಗಿ ಅವರು ಒಬ್ಬ ಕಥೆಗಾರನನ್ನು ನೇಮಿಸಿಕೊಂಡರು.

ಮಕ್ಕಳಿಗೆ ಆತ ಹುನಗುಂದ ಮಾಸ್ತರ. ಬಿಳಿ ಅಂಗಿಯ ಕಿಸೆಯಲ್ಲಿ ಸದಾ ಪೆಪ್ಪರಮಿಂಟು. ಆ ಗುಡ್ಡದೊಳಗೆ ಮಕ್ಕಳ ತಲೆ ಸವರುತ್ತಿದ್ದ ಏಕೈಕ ಮನುಷ್ಯ ಆತನೇ. ಒಂದೊಂದು ಕೂಸನ್ನೂ ತೊಡೆಯ ಮೇಲೆ ಕೂರಿಸಿಕೊಂಡು ಮನೆಯ ನೆನಪು ಕೇಳುತ್ತಿದ್ದ. ಕಸ್ತೂರಿ ಹೇಳಿದ್ದಳು: ಅವ್ವ ಉಡಿ ತುಂಬಿದಳು, ಬೆಲ್ಲ ಹಾಕಿದಳು, ಅಕ್ಕಿ ಹಾಕಿದಳು, ಆಮೇಲೆ ಅದರೊಳಗಿಂದ ಒಂದಿಷ್ಟು ತೆಗೆದುಕೊಂಡಳು.

"ತಗೊಂಡ್ಲಾ? ಯಾಕ ತಗೊಂಡ್ಲು ಪುಟ್ಟಿ?"

"ಗೊತ್ತಿಲ್ರಿ ಮಾಸ್ತರ."

ಮಾಸ್ತರ ಅವಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಅವಳ ಕೂದಲು ನೇವರಿಸುತ್ತ, ದುಃಖದ ದನಿಯಲ್ಲಿ, ಅವ್ವ ಅವಳನ್ನು ಒಂದು ಚೀಲ ಅಕ್ಕಿಗೆ ಮಾರಿದ ಕಥೆಯನ್ನು ಹೇಳಿದ. ಕೊನೆಗೆ "ಉಡಿಯೊಳಗಿನ ಹಿಡಿ ಅಕ್ಕೀನೂ ನಿನಗ ಬಿಡಲಿಲ್ಲ ನೋಡವಾ" ಎಂದು ಪೆಪ್ಪರಮಿಂಟು ಕೊಟ್ಟ. ಪಕ್ಕದ ಕೋಣೆಯಲ್ಲಿ ಯಂತ್ರದ ಮುಳ್ಳು ನೆಗೆದು ಗಾಜಿಗೆ ಬಡಿಯಿತಂತೆ. ಅಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಅಂದಿನಿಂದ ಕಡಜಗಳು ಬಂದಾಗಲೆಲ್ಲ ಅವಳನ್ನು ಗುಡ್ಡದ ನೆತ್ತಿಯ ಕೋಣೆಗೆ ಒಯ್ಯುತ್ತಿದ್ದರು. ಕಂಟ್ರೋಲ್ ರೂಮಿನಿಂದ ಕಿವಿಯೊಳಗೆ ಮಾಸ್ತರನ ದನಿ ಬರುತ್ತಿತ್ತು. "ಕಸ್ತೂರಿ, ಉಡಿ ನೆನಪ ಮಾಡ್ಕೋ." ಎಲುಬು ಕಾದ ಸಲಾಕೆಯಾಗುತ್ತಿತ್ತು. ಆಕಾಶದಿಂದ ಕಬ್ಬಿಣ ಉದುರುತ್ತಿತ್ತು. ಅವಳ ಜೊತೆಗಿದ್ದ ಒಬ್ಬ ಹುಡುಗ ಒಂದು ದಿನ ಎದ್ದವನೇ, ಹೋಗಲಿ ಬಿಡ್ರಿ ನಮ್ಮಪ್ಪನ್ನ ಕ್ಷಮಿಸೀನಿ ಎಂದುಬಿಟ್ಟ. ಅಷ್ಟು ಒಳ್ಳೆಯ ಹುಡುಗನಿಗೆ ಮಾಸ್ತರ ಕೂತು ಇನ್ನೂ ಕೆಟ್ಟ ಕಥೆ ಬರೆಯಬೇಕಾಯಿತು. ಕಸ್ತೂರಿಯ ಕಥೆ ಮಾತ್ರ ಬದಲಿಸುವ ಪ್ರಸಂಗವೇ ಬರಲಿಲ್ಲ. ಅದು ಎಷ್ಟು ಚೆನ್ನಾಗಿತ್ತೆಂದರೆ ಮಾಸ್ತರ ಅದನ್ನೇ ಚಿತ್ರಕಥೆ ಮಾಡಿದ, ನಾಡಿನಲ್ಲೆಲ್ಲ ಹೆಸರಾದ.

ಯುದ್ಧ ಮುಗಿದ ಮೇಲೆ ಕಿಡಿಮಕ್ಕಳು ಯಾರಿಗೂ ಬೇಡವಾದರು. ಆಸ್ಪತ್ರೆಯ ಹತ್ತಿರ ಇರಕೂಡದು, ಗಿರಣಿಯ ಹತ್ತಿರ ಇರಕೂಡದು. ಯಂತ್ರ ಕಡಿಮೆ ಇರುವ ಕಡೆ ಇರಬೇಕು, ಗುಳಿಗೆ ತಪ್ಪಿಸಬಾರದು. ಕಸ್ತೂರಿ ಹಿರೇಗುಡ್ಡದ ಕೈಮಗ್ಗದ ಓಣಿ ಆರಿಸಿಕೊಂಡಳು. ಬಿಡುಗಡೆಯ ದಿನ ಪ್ರಯೋಗಶಾಲೆಯ ಡಾಕ್ಟರ್ ಇನಾಮದಾರಬಾಯಿ ಅವಳ ಮುಖ ನೋಡದೆ ಒಂದು ಮಾತು ಹೇಳಿದಳು.

"ನಿಮ್ಮ ತಾಯಿ ಎದ್ಯಾಗ ಪೇಸ್‌ಮೇಕರ್ ಇಟ್ಟಾರ. ನೀ ಸಿಟ್ಟಿಗೆ ಬಂದು ಹತ್ತರ ನಿಂತ್ರ ಅದು ನಿಂತುಬಿಡತೈತಿ. ಆ ಎದಿ ತನ್ನಷ್ಟಕ್ಕ ತಾ ಬಡಕೊಳ್ಳೂವಂಥದ್ದಲ್ಲ."

*

ಹಿರೇಗುಡ್ಡದವರು ಕುಪ್ಪಸದ ಖಣ ನೇಯುತ್ತಿದ್ದರು. ಕೈಮಗ್ಗದ ಓಣಿಯಲ್ಲಿ ಮನೆಮನೆಗೂ ನೆಲದಲ್ಲಿ ಕುಣಿ, ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ತುಳಿಯುವ ಮಗ್ಗ. ಮೋಟರಿನ ಹಂಗಿಲ್ಲ. ಎರಡು ಓಣಿ ಆಚೆ ಪವರ್‌ಲೂಮುಗಳಿದ್ದವು. ಓಣಿಯ ಕೊನೆಯ ಮನೆಯ ಬನಕ್ಕ ಕಸ್ತೂರಿಗೆ ಕೋಣೆ ಕೊಟ್ಟಳು, ಮಗ್ಗಕ್ಕೆ ಕೂರುವುದನ್ನು ಕಲಿಸಿದಳು, ಮೊದಲ ದಿನವೇ ಗೋಡೆಯಾಚೆ ಕೈ ತೋರಿಸಿ ತುಟಿ ಸೊಟ್ಟ ಮಾಡಿದಳು.

"ಊರ ಆ ತುದಿ ಓಣ್ಯಾಗ ಅದಾಳ ನಿಮ್ಮವ್ವ. ನಾವ್ಯಾರೂ ಅಕಿ ಕೈಯಾಗಿನ ನೀರ ಸೈತ ಕುಡಿಯೂದಿಲ್ಲ. ಪುಸ್ತಕದಾಗ ಎಲ್ಲಾ ಬಂದೈತೆಲ್ಲ."

ಸಂಗವ್ವನಿಗೆ ಯಾರೂ ಕಂಡಿಕೆಗೆ ನೂಲು ಸುತ್ತುವ ಕೆಲಸವನ್ನೂ ಕೊಡುತ್ತಿರಲಿಲ್ಲ. ಮದುವೆಗೆ ಕರೆಯುತ್ತಿರಲಿಲ್ಲ. ಅವಳು ಬೀದಿಗೆ ಬಂದರೆ ಶಾಲೆಯ ಹುಡುಗರು ಅಕ್ಕಿ ಬೇಕೇನವ್ವಾ ಎಂದು ಕೂಗುತ್ತಿದ್ದರು. ಇದೆಲ್ಲ ಕೇಳಿದಾಗ ಕಸ್ತೂರಿಗೆ ಸಮಾಧಾನವೇ ಆಯಿತು, ಸುಳ್ಳೇಕೆ ಹೇಳಬೇಕು. ಆದರೆ ಅವ್ವನ ಮುಂದೆ ಹೋಗಿ ನಿಲ್ಲುವ ಧೈರ್ಯ ಮಾತ್ರ ಬರಲಿಲ್ಲ. ಯಾಕ ಮಾರಿದಿ ಎಂಬ ಎರಡೇ ಮಾತನ್ನು ಮಗ್ಗದ ಮುಂದೆ ಕೂತು ತಣ್ಣಗೆ ಆಡಿ ನೋಡುತ್ತಿದ್ದಳು. ಪ್ರತಿ ಸಲವೂ ಎರಡು ಓಣಿ ಆಚೆಯ ಪವರ್‌ಲೂಮುಗಳು ಒಮ್ಮೆಗೇ ಗಪ್ಪಾಗುತ್ತಿದ್ದವು, ಮಾಲಕರು ಬೀದಿಗೆ ಬಂದು ಅವಳ ಹಿಂದಿನ ಮುಂದಿನ ಪೀಳಿಗೆಗಳನ್ನೆಲ್ಲ ಬೈಯುತ್ತಿದ್ದರು. ಅಷ್ಟು ದೂರ ಅಲೆ ಹೋಗುವ ಸಿಟ್ಟನ್ನು ಹೊತ್ತು ಅವ್ವನ ಹತ್ತಿರ ಹೋಗುವುದೆಂದರೆ ಕೊಲ್ಲಲು ಹೋದ ಹಾಗೇ. ಕೊಲ್ಲಬೇಕೆಂದು ತಾನು ಬಂದಿದ್ದೇನೆಯೇ ಎಂಬುದು ಅವಳಿಗೇ ತಿಳಿಯಲಿಲ್ಲ.

ಆ ತಿಂಗಳು ಬನಕ್ಕನ ಮಗಳು ಸುಮಿತ್ರಾ ಗಂಡನ ಮನೆಗೆ ಹೊರಟಳು. ಬೆಳಿಗ್ಗೆ ಹೆಂಗಸರೆಲ್ಲ ಸೇರಿದರು. ಸುಮಿತ್ರಾ ಪಡಸಾಲೆಯಲ್ಲಿ ಮಣೆಯ ಮೇಲೆ ನಿಂತು ಸೆರಗು ಒಡ್ಡಿದಳು. ಬನಕ್ಕ ಖಣ ಇಟ್ಟಳು, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ, ಎಲೆ ಅಡಿಕೆ ಇಟ್ಟಳು, ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಕಸ್ತೂರಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಏಳನೆಯ ವಯಸ್ಸಿನಿಂದ ಗುಡ್ಡದೊಳಗೆ ಬೆಳೆದವಳು ಯಾರ ಉಡಿ ತುಂಬಿದ್ದನ್ನು ನೋಡಿಯಾಳು? ಎಲ್ಲ ಆದ ಮೇಲೆ ಸುಮಿತ್ರಾ ತನ್ನ ಉಡಿಗೆ ಕೈಹಾಕಿದಳು, ಒಂದು ಹಿಡಿ ಅಕ್ಕಿ ತೆಗೆದು ತಾಯಿಯ ಸೆರಗಿಗೆ ಹಾಕಿದಳು. ಬನಕ್ಕ ಅದನ್ನು ಗಂಟು ಕಟ್ಟಿಕೊಂಡು ಕಣ್ಣೊರೆಸಿಕೊಂಡಳು.

"ಅದ್ಯಾಕ ಅಕ್ಕಿ ಹೊಳ್ಳಿ ಕೊಟ್ಲು?" ಎಂದು ಕಸ್ತೂರಿ ಕೇಳಿದಳು.

"ಅಯ್ಯ, ಇಷ್ಟೂ ಗೊತ್ತಿಲ್ಲೇನು ನಿನಗ? ತವರಮನಿ ಬರಿದಾಗಬಾರದು, ಮಗಳು ಮತ್ತ ಬರಬೇಕು ಅಂತ. ಹಿಡಿ ಅಕ್ಕಿ ಹೊಳ್ಳಿ ಹಾಕಿ ಹೋದಾಕಿ ತವರಿಗೆ ಬರಲೇಬೇಕು."

"ಸಣ್ಣ ಹುಡುಗಿ ಇದ್ರ?"

"ಸಣ್ಣ ಕೂಸಿಗೇನ ತಿಳೀತೈತಿ? ಅವ್ವನೇ ಕೈಹಾಕಿ ತಗೋತಾಳ."

ಪಡಸಾಲೆಯಲ್ಲಿ ಯಾರೋ ಆರತಿಯ ತಟ್ಟೆ ಎತ್ತಿದರು. ಕಸ್ತೂರಿ ಗೋಡೆಯ ಗೂಡಿನ ಕಡೆ ನಡೆದಳು. ಗೂಡಿನಲ್ಲಿ ಸುಮಿತ್ರಾಳ ತಮ್ಮ ಓದಿ ಇಟ್ಟ 'ಕಿಡಿಗಣ್ಣಿ' ಇತ್ತು. ಅವಳು ಅದನ್ನು ತೆಗೆದು ಆ ಪುಟ ಬಿಚ್ಚಿ ಬನಕ್ಕನ ಮುಖಕ್ಕೆ ಹಿಡಿದಳು.

"ಇದ ಅಲ್ಲೇನು? ನೀ ಈಗ ಮಾಡಿದ್ದು ಇದ ಅಲ್ಲೇನು ಬನಕ್ಕಾ?"

ಬನಕ್ಕ ಚಿತ್ರ ನೋಡಿದಳು, ತನ್ನ ಸೆರಗಿನ ಗಂಟು ನೋಡಿಕೊಂಡಳು. "ಅಲ್ಲವಾ... ಇದರಾಗ ಅಕಿ ಹಲ್ಲ ಕಿಸದಾಳಲ್ಲ," ಎಂದಳು. ಹೇಳಿದ ಮೇಲೆ ಅವಳ ಮುಖ ಸುಣ್ಣದ ಹಾಗಾಯಿತು.

ತಾವೇ ವರ್ಷಕ್ಕೆ ನಾಲ್ಕು ಸಲ ಮಾಡುವ ಶಾಸ್ತ್ರವನ್ನು ಅಚ್ಚಿನಲ್ಲಿ ಕಂಡಾಗ ಗುರುತು ಹಿಡಿಯದ ಊರು! ನಾಲ್ಕು ಗೆರೆ ಎಳೆದು ಒಂದು ಬಾಯಿಗೆ ಹಲ್ಲು ಬರೆದುಬಿಟ್ಟರೆ ಸಾಕು, ಪಕ್ಕದ ಮನೆಯವಳು ಹೆಮ್ಮಾರಿಯಾಗುತ್ತಾಳೆ. ಸಂಗವ್ವ ಗಂಟಲು ಹರಿಯುವ ಹಾಗೆ ಹೇಳಿದ್ದಳಂತೆ, ಶಾಸ್ತ್ರಕ್ಕೆ ತಗೊಂಡೆನ್ರೇ ಅಂತ. ಯಾರು ಕೇಳಬೇಕು? ಪುಸ್ತಕದಲ್ಲಿ ಬೇರೆ ಥರ ಇತ್ತಲ್ಲ.

ಕಸ್ತೂರಿಯೊಳಗೆ ಆಗ ಎದ್ದ ಸಿಟ್ಟನ್ನು ಹದಿನಾಲ್ಕು ವರ್ಷದ ಯುದ್ಧದಲ್ಲಿ ಯಾವ ಯಂತ್ರವೂ ಅಳೆದಿರಲಿಲ್ಲ. ಇಡೀ ಊರಿನ ಪವರ್‌ಲೂಮು ನಿಂತವು. ನೀರಿನ ಪಂಪು, ಹಿಟ್ಟಿನ ಗಿರಣಿ, ಬಸ್‌ಸ್ಟ್ಯಾಂಡಿನಲ್ಲಿ ಹೊರಟಿದ್ದ ಬಸ್ಸು ಎಲ್ಲ ನಿಂತವು. ಎಲುಬಿನ ನೋವಿಗೆ ಅವಳು ಕುಸಿದು ಕೂತಳು. ಆಗ ನೆನಪಾಯಿತು. ಊರ ಆ ತುದಿಯ ಓಣಿ. ಅವ್ವನ ಎದೆ.

ಅವಳು ಓಡಿದಳು. ಸಿಟ್ಟಿನ ಭರದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎಂದು ದೊಡ್ಡವರು ಹೇಳುತ್ತಾರೆ, ಅವಳು ಕೊಯ್ದದ್ದು ಹೆತ್ತವಳ ಜೀವವನ್ನೇ ಏನೋ. ಆ ತುದಿಯ ಓಣಿಯಲ್ಲಿ ತಗಡಿನ ಬಾಗಿಲ ಮನೆ. ಒಳಗೆ ಯಾರೂ ಇಲ್ಲ. ಅವ್ವಾ ಎಂದು ಕೂಗಿದಳು. ಆ ಕೂಗು ಅವಳ ಬಾಯಿಂದ ಬಂದು ಹದಿನಾಲ್ಕು ವರ್ಷವಾಗಿತ್ತು.

ಸಂಗವ್ವ ಊರಾಚೆ ಹೊಳೆಯಿಂದ ಕೊಡ ಹೊತ್ತು ಬರುತ್ತಿದ್ದಳು. ಊರಿನ ನಲ್ಲಿಯಲ್ಲಿ ಅವಳಿಗೆ ಸರದಿ ಕೊಡುತ್ತಿರಲಿಲ್ಲವಾಗಿ ದಿನಾ ಅಲ್ಲಿಗೇ ಹೋಗಬೇಕಿತ್ತು. ಊರು ಕೊಟ್ಟ ಶಿಕ್ಷೆಯೇ ಅವಳ ಜೀವ ಉಳಿಸಿತ್ತು. ಮಗಳು ದೂರದಿಂದಲೇ ಕೈಯಡ್ಡ ಹಿಡಿದು ಚೀರಿದಳು.

"ಅಲ್ಲೇ ನಿಲ್ಲು! ಹತ್ತರ ಬರಬ್ಯಾಡ! ನನ್ನ ಮೈಯಾಗ ಏನೈತಿ ಗೊತ್ತಿಲ್ಲೇನು?"

ಸಂಗವ್ವ ಕೊಡ ಇಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನೆಟ್ಟಗೆ ನಡೆದು ಬಂದು ಮಗಳ ಎರಡೂ ರಟ್ಟೆ ಹಿಡಿದುಕೊಂಡಳು.

"ಗೊತ್ತೈತಿ. ಎದಿ ನಿಲ್ಲಸೂದಿದ್ರ ನಿಲ್ಲಸು. ಆದ್ರ ಕೇಳಿ ನಿಲ್ಲಸು. ಎಂಟು ದಿನ ದವಾಖಾನ್ಯಾಗ ಇಟಗೊಂಡು ಸೂಜಿ ಮಾಡಿ ಕಳಸ್ತೀವಿ ಅಂದ್ರು. ದೂರ ಹೊಂಟ ಮಗಳನ್ನ ಖಾಲಿ ಉಡಿಲೆ ಕಳಸಬಾರದಂತ ಇದ್ದ ಅಕ್ಕೀನ ಅಷ್ಟೂ ತುಂಬೀನಿ. ನೀ ಹೊಳ್ಳಿ ಬರಬೇಕಂತ ಹಿಡಿ ತಗದೀನಿ. ಆ ಗುಡ್ಡದ ಗೇಟಿಗೆ ಎಷ್ಟ ಸಲ ಬಂದೀನಿ ಕೇಳು. ಅಕ್ಕಿ ತಿಂದಾಕಿ ಬಂದಾಳ ನೋಡ್ರೋ ಅಂತ ನಗತಿದ್ರು."

"ಕೈ ಬಿಡವ್ವಾ. ನನಗ ಸಿಟ್ಟ ಬರಾಕತ್ತೈತಿ."

"ಬರಲಿ. ಇನ್ನ ಮ್ಯಾಲ ನಿನ್ನ ಬಿಟ್ಟು ಒಂದ ಹೆಜ್ಜೀನೂ ನಾ ದೂರ ಹೋಗೂದಿಲ್ಲ."

ಕಸ್ತೂರಿ ಕಿಸೆಯಿಂದ ಗುಳಿಗೆ ತೆಗೆದು ಒಂದರ ಮೇಲೊಂದು ನುಂಗಿದಳು. ಬೇರೆ ದಾರಿ ಇರಲಿಲ್ಲ.

*

ಅವತ್ತಿನಿಂದ ತಾಯಿ ಮಗಳು ಒಂದೇ ಮನೆಯಲ್ಲಿದ್ದರು. ಬನಕ್ಕ ಕಂಡಿಕೆ ತಂದು ಸಂಗವ್ವನ ಮುಂದೆ ಇಟ್ಟು ತಲೆ ತಗ್ಗಿಸಿ ನಿಂತಳು. ಸಂಗವ್ವ ಅದನ್ನೆತ್ತಿಕೊಂಡು ನೂಲು ಸುತ್ತತೊಡಗಿದಳು. ಕಸ್ತೂರಿಯ ಪಾಲಿಗೆ ಈ ಸುಖದ ಬೆಲೆ ಏನೆಂದರೆ ಅವಳು ಸಿಟ್ಟಿಗೇಳುವಂತೆಯೇ ಇರಲಿಲ್ಲ. ಗುಳಿಗೆ ಹೆಚ್ಚಾಯಿತು, ತಲೆ ಮಂಕಾಯಿತು, ಲಾಳಿ ಕೈ ಜಾರತೊಡಗಿತು. ಅವ್ವ ಬಡಿಸುವ ರೊಟ್ಟಿಯ ಎದುರು ಕೂತು ಅವಳು ಒಲೆಯ ಮೇಲೆ ಉಕ್ಕುವ ಗಡಿಗೆಗೆ ಮುಚ್ಚಳ ಒತ್ತಿ ಹಿಡಿದ ಹಾಗೆ ತನ್ನನ್ನು ತಾನು ಒತ್ತಿ ಹಿಡಿದಿರುತ್ತಿದ್ದಳು. ಅನ್ಯಾಯವಾದದ್ದು ತನಗೆ, ಶಾಂತವಾಗಿರಬೇಕಾದವಳೂ ತಾನೇ ಎಂಬುದು ಅವಳನ್ನು ಸುಡುತ್ತಿತ್ತು.

ಹೀಗಿರುವಾಗ ಹುನಗುಂದ ಮಾಸ್ತರ ಮನೆ ಹುಡುಕಿಕೊಂಡು ಬಂದ. ಕೂದಲು ನೆರೆತಿತ್ತು, ಅಂಗಿ ಮೊದಲಿನಷ್ಟೇ ಬಿಳಿ. ಕಟ್ಟೆಯ ಮೇಲೆ ಕೂತು ಕಿಸೆಯಿಂದ ಪೆಪ್ಪರಮಿಂಟು ತೆಗೆದು ಅವಳ ಮುಂದೆ ಚಾಚಿದ.

"ಎಷ್ಟ ದೊಡ್ಡಾಕಿ ಆಗಿ ಪುಟ್ಟಿ! 'ಬಾಲ್ಯಕಾಂಡ' ಅಂತ ದೊಡ್ಡ ಪುಸ್ತಕ ತರಾಕತ್ತೀವಿ. ಬಿಡುಗಡಿ ನಿಮ್ಮೂರಾಗ. ನೀ ವೇದಿಕಿ ಮ್ಯಾಲ ಇರಬೇಕು. ಗಡಿಯಾಗ ಮತ್ತ ಕಡಜ ಹಾರಾಕತ್ತಾವ, ಹೊಸ ಕಿಡಿಮಕ್ಕಳ ದಳ ಕಟ್ಟಬೇಕಂತ ಮ್ಯಾಲಿಂದ ಹೇಳ್ಯಾರ. ಈ ಊರಿಂದನ ಶುರು."

"ನಮ್ಮವ್ವ ನನ್ನ ಮಾರಿರಲಿಲ್ಲ ಮಾಸ್ತರ. ನೀವು ಸುಳ್ಳ ಹೇಳಿದ್ರಿ."

"ಸುಳ್ಳಲ್ಲವಾ, ಅದು ಕಥಿ," ಎಂದ ಮಾಸ್ತರ, ಪಾಠ ಹೇಳುವ ಹಾಗೆ. "ಆ ಕಥಿ ಇರಲಿಲ್ಲಂದ್ರ ಈ ಊರ ಇರತಿತ್ತೇನು? ಲಕ್ಷ ಮಂದಿ ಜೀವ ಒಂದು ಕಡೆ, ಒಬ್ಬಾಕಿ ಹೆಸರು ಒಂದು ಕಡೆ. ನೀನ ತೂಗಿ ನೋಡು."

"ಹಂಗಾದ್ರ ಈಗರ ಖರೇ ಬರೀರಿ. ಯುದ್ಧ ಮುಗದೈತೆಲ್ಲ."

"ಖರೇ ಓದಿ ಯಾವ ಕೂಸಿಗೆ ಸಿಟ್ಟ ಬರತೈತಿ ಹೇಳು?" ಅವನು ನಕ್ಕ. ಒಳಗೆ ಕಂಡಿಕೆ ಸುತ್ತುತ್ತಿದ್ದ ಸಂಗವ್ವನ ಕಡೆ ಕಣ್ಣು ಹಾಯಿಸಿದ. "ನಿಮ್ಮವ್ವನ್ನೂ ಕರಕೊಂಡ ಬಾ. ಮುಂದಿನ ಸಾಲಿನ್ಯಾಗ ಕುರ್ಚಿ ಹಾಕಸ್ತೀನಿ, ನಿನ್ನ ಎದುರಿಗೇ. ಅಕಿ ಹತ್ತರ ಇದ್ರ ನೀ ಶಾಂತ ಇರ್ತಿ. ಮೈಕ್ ನಡದಿರೂ ತನಕ ಮಂದಿಗೂ ಗೊತ್ತಾಗತೈತಿ, ಕಿಡಿಗಣ್ಣಿಗೆ ಯಾವ ತಕರಾರೂ ಇಲ್ಲಂತ."

ಅವನು ಹೋದ ಮೇಲೆ ಕಸ್ತೂರಿ ಪೆಪ್ಪರಮಿಂಟನ್ನು ಗಟಾರಕ್ಕೆ ಎಸೆದಳು. ಹೆತ್ತವ್ವನ ಎದೆಯನ್ನೇ ಮಗಳ ಬಾಯಿಗೆ ಬೀಗ ಮಾಡಿದ್ದ ಆ ಮನುಷ್ಯ, ಅದೂ ನಗುನಗುತ್ತ, ಕುರ್ಚಿ ಹಾಕಿಸಿ.

*

ಶಾಲೆಯ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ವೇದಿಕೆಯ ಹಿಂದೆ ದೊಡ್ಡ ಪರದೆ, ಅದರ ಮೇಲೆ ಹಲ್ಲು ಕಿಸಿದ ತಾಯಿ, ಮನೆಯಷ್ಟು ಎತ್ತರ. ಬಯಲಿನ ಬಲಕ್ಕೆ ಪ್ರಯೋಗಶಾಲೆಯ ವ್ಯಾನು ನಿಂತಿತ್ತು. ಅದರ ತಂಪಿನ ಪೆಟ್ಟಿಗೆಯಲ್ಲಿ ಹೊಸ ಹರಳು. ವ್ಯಾನಿನವನು ಕಸ್ತೂರಿಯನ್ನು ಕಂಡೊಡನೆ ದೂರ ಇರ್ರಿ ಬಾಯಾರ ಎಂದು ಕೈ ಬೀಸಿದ. ಯಾಕೆಂದು ಅವಳಿಗೆ ಗೊತ್ತಿತ್ತು. ಎಲುಬಿಗಿಳಿಯದ ಹಸಿ ಹರಳಿಗೆ ಬಲಿತ ಹರಳಿನ ಅಲೆ ತಾಗಿದರೆ ಅದು ಬೂದಿಯಾಗುತ್ತದೆ. ವ್ಯಾನಿನ ಮುಂದೆ ಹಳದಿ ಟೊಪ್ಪಿಗೆ ಹಾಕಿದ ಮಕ್ಕಳ ಸಾಲು. ಪಕ್ಕದಲ್ಲಿ ಅಪ್ಪಅವ್ವಂದಿರು, ಎಂಟು ದಿನದ ಮಾತಿಗೆ ತಲೆಯಾಡಿಸುತ್ತ.

ಮಾಸ್ತರ ಸೊಗಸಾಗಿ ಮಾತಾಡಿದ. ತಾಯಿಯೇ ಕೈಬಿಟ್ಟ ಮಗುವನ್ನು ನಾಡು ಹೇಗೆ ಎತ್ತಿಕೊಂಡಿತು ಎಂದು ಹೇಳಿ ಕಣ್ಣೊರೆಸಿಕೊಂಡ. ಸಂಗವ್ವ ಮುಂದಿನ ಸಾಲಿನ ಕುರ್ಚಿಯಲ್ಲಿ ಕೈಕಟ್ಟಿ ಕೂತು ಪರದೆಯ ಮೇಲಿನ ತನ್ನನ್ನೇ ನೋಡುತ್ತಿದ್ದಳು. ಆಮೇಲೆ ಮೈಕು ಕಸ್ತೂರಿಯ ಕೈಗೆ ಬಂತು. ಅವಳು ಆ ದಿನ ಗುಳಿಗೆ ನುಂಗಿರಲಿಲ್ಲ. ಮುಷ್ಟಿಯಲ್ಲಿ ಉಗುರು ಅಂಗೈಗೆ ಇಳಿದಿದ್ದವು.

"ಅವ್ವಾ," ಎಂದಳು. ಮೈಕು ಗೊರಗೊರ ಎಂದಿತು. "ಏಳು. ಹೊಳಿ ದಂಡಿಗೆ ಹೋಗು."

ಸಂಗವ್ವ ತಲೆಯೆತ್ತಿದಳು. ಒಂದು ಹೆಜ್ಜೆಯೂ ದೂರ ಹೋಗುವುದಿಲ್ಲ ಎಂದವಳು ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ ಎದ್ದಳು.

ಮಾಸ್ತರನಿಗೆ ಥಟ್ಟನೆ ಅರ್ಥವಾಯಿತು. "ಕುಂದರ್ರಿ ತಾಯಿ, ಕುಂದರ್ರಿ! ಯಾರರ ಅವರನ್ನ ಹಿಡೀರೋ!" ಎದೆಗೆ ಬಿಲ್ಲೆ ಹಚ್ಚಿಕೊಂಡ ಕಾರ್ಯಕರ್ತನೊಬ್ಬ ಓಡಿಬಂದು ಸಂಗವ್ವನ ಕೈ ಹಿಡಿದ. "ಬಿಡೋ ಕೈ," ಎಂದಳು ಅವಳು. ಅವನು ಬಿಡಲಿಲ್ಲ. ಆಗ ಹಿಂದಿನ ಸಾಲಿನಿಂದ ಬನಕ್ಕ ಎದ್ದುಬಂದು ಅವನ ಕೈಯನ್ನು ಕಿತ್ತೊಗೆದಳು, ಸಂಗವ್ವನ ಹೆಗಲಿಗೆ ಕೈಹಾಕಿದಳು. ಓಣಿಯ ಇನ್ನಷ್ಟು ಹೆಂಗಸರು ಎದ್ದರು. ಸಂಗವ್ವನ ನಡಿಗೆ ಮೆಲ್ಲಗಿತ್ತು. ಇಡೀ ಸಭೆ ಕತ್ತು ತಿರುಗಿಸಿ ಅವರು ಬಯಲು ದಾಟುವುದನ್ನು, ಜಾಲಿಗಿಡಗಳ ಸಾಲು ದಾಟುವುದನ್ನು, ಹೊಳೆಯ ಹಾದಿ ಹಿಡಿಯುವುದನ್ನು ನೋಡಿತು. ಕಸ್ತೂರಿ ಹಲ್ಲು ಕಚ್ಚಿ ಕಾದಳು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ.

"ಪುಟ್ಟಿ," ಮಾಸ್ತರ ಹತ್ತಿರ ಬಂದ, ದನಿಯಲ್ಲಿ ಬೆಣ್ಣೆ. "ಶಾಂತ ಆಗವಾ. ಸಿಟ್ಟ ಒಳ್ಳೇದಲ್ಲ."

ಹದಿನಾಲ್ಕು ವರ್ಷ ಅವಳ ಕಿವಿಯೊಳಗೆ ಕೂತು ಸಿಟ್ಟು ಊದಿದ ಬಾಯಿ ಅದು. ಹೊಳೆಯ ಏರಿಯ ಮೇಲೆ ಸಂಗವ್ವ ಚುಕ್ಕೆಯಾಗಿ ಕಂಡಳು, ತಿರುಗಿ ನಿಂತಳು, ಕೈಯೆತ್ತಿದಳು.

ಕಸ್ತೂರಿ ತಡೆದದ್ದನ್ನು ಬಿಟ್ಟಳು. ಮೈಕು ಸತ್ತಿತು. ಪರದೆಯ ಮೇಲಿನ ಹೆಮ್ಮಾರಿ ಕಪ್ಪಾಗಿ ಹೋದಳು. ಜನರೇಟರು ನಿಂತಿತು, ಫ್ಯಾನು ನಿಂತವು. ವ್ಯಾನಿನ ಪೆಟ್ಟಿಗೆಯೊಳಗೆ ಹುರಿಯುವ ಜೋಳ ಸಿಡಿದಂಥ ಸದ್ದು, ಆಮೇಲೆ ಸಂದಿಯಿಂದ ಬೂದಿ. ಮಾಸ್ತರನ ತುಟಿ ಆಡುತ್ತಿದ್ದವು, ಆದರೆ ಮೈಕಿಲ್ಲದ ಅವನ ಮಾತು ವೇದಿಕೆಯ ಅಂಚಿಗೂ ಮುಟ್ಟಲಿಲ್ಲ. ಎಲುಬು ಮುರಿಯುವ ನೋವಿನಲ್ಲೂ ಅವಳು ನೆಟ್ಟಗೆ ನಿಂತಳು. ಗುಡ್ಡದ ನೆತ್ತಿಯಲ್ಲಿ ಚೀರಿ ಚೀರಿ ಬಲಿತ ಗಂಟಲು ಅವಳದು.

"ಎಂಟು ದಿನ ಅಂದಾರಲ್ಲ? ನಮ್ಮವ್ವಗೂ ಎಂಟು ದಿನಾನ ಅಂದಿದ್ರು! ಹತ್ತರ ಬರ್ರಿ, ಎಲ್ಲಾ ಹೇಳ್ತೀನಿ. ನಿಮ್ಮ ಕೂಸಿಗೆ ನಿಮ್ಮ ಮ್ಯಾಲ ಎಂಥಾ ಕಥಿ ಕಟ್ಟತಾರ ಅನ್ನೂದನ್ನ, ಈತನ ಮುಂದನ ಹೇಳ್ತೀನಿ!"

ಹಳದಿ ಟೊಪ್ಪಿಗೆಯ ಸಾಲಿನಲ್ಲಿ ಒಬ್ಬ ತಾಯಿ ಮಗಳ ರಟ್ಟೆ ಹಿಡಿದು ಹೊರಗೆಳೆದಳು. ಇನ್ನೊಬ್ಬ ಅಪ್ಪ ಟೊಪ್ಪಿಗೆ ಕಿತ್ತು ನೆಲಕ್ಕೆ ಒಗೆದ. ಜನ ಕುರ್ಚಿ ಬಿಟ್ಟು ವೇದಿಕೆಯ ಕಡೆ ನುಗ್ಗತೊಡಗಿದರು. ಎಲ್ಲ ನಿಂತದ್ದನ್ನು ಕಂಡು, ಮಗಳ ಸಿಟ್ಟು ಮುಗಿಯಿತೆಂದುಕೊಂಡು, ಏರಿಯ ಮೇಲಿನ ಚುಕ್ಕೆ ಊರ ಕಡೆ ಇಳಿಯಲು ಶುರುಮಾಡಿತು.

ಕಸ್ತೂರಿ ಎರಡೂ ಕೈಯೆತ್ತಿ, ಇಡೀ ಬಯಲು ಕೇಳುವ ಹಾಗೆ ಕೂಗಿದಳು.

"ಅಲ್ಲೇ ನಿಲ್ಲವ್ವಾ! ಇನ್ನೂ ಐತಿ!"